ಕನಸಲ್ಲಿ ಬಂದ ಅಮ್ಮ, ಮನೆಯಲ್ಲಿ ನಗುವ ಜನ

ಪ್ರಶ್ನೆ: ನಾನು ಕೊಪ್ಪಳ ತಾಲ್ಲೂಕಿನವಳು, ವಯಸ್ಸು 32. ಎಸ್ಸೆಸ್ಸೆಲ್ಸಿ ಓದಿದ್ದೇನೆ, ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಹುಲಿಗೆಮ್ಮ ನಮ್ಮ ಮನೆದೇವರು. ವರ್ಷದಿಂದ ಒಂದೇ ಕನಸು. ಅಮ್ಮ ನನ್ನ ಕೈಗೆ ಬಳಪ ಕೊಡುತ್ತಾಳೆ, ಗುಡಿ ಕಟ್ಟೆ ಮೇಲೆ ಹೆಣ್ಣುಮಕ್ಕಳು ಪಾಟಿ ಹಿಡಿದು ಕೂತಿರುತ್ತಾರೆ. ಸಂಜೆ ಮಕ್ಕಳಿಗೆ ಓದು ಹೇಳಿಕೊಡುವ ಮನಸ್ಸಾಗಿದೆ. ಹೇಳಿದರೆ ಗಂಡ, ನೆಗೆಣ್ಣಿ ನಕ್ಕರು. ಈಗ ಓಣಿಯಲ್ಲೂ ‘ಟೀಚರಮ್ಮಗ ದೇವರು ಬಂದಾಳ’ ಅಂತ ಆಡಿಕೊಳ್ಳುತ್ತಾರೆ. ಇದು ದೇವಿ ಕೊಟ್ಟಿದ್ದಾ, ನನ್ನ ಭ್ರಮೆಯಾ?

ಉತ್ತರ: ತಂಗಿ, ನಿಮ್ಮ ಕನಸನ್ನು ನಾನು ನಂಬುತ್ತೇನೆ. ಅದು ದುಡಿಮೆ ಕೇಳುತ್ತಿರುವುದು ನಿಮ್ಮಿಂದ. ಬೇರೆ ಯಾರಿಂದಲೂ ಏನನ್ನೂ ಕೇಳುತ್ತಿಲ್ಲ.

ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ‘ಅಮ್ಮ ಕನಸಲ್ಲಿ ಬಂದು ಕೇಳಿದಳು’ ಅಂತ ಹೇಳಿಯೇ ಕೊಪ್ಪಳ, ಬಳ್ಳಾರಿ, ರಾಯಚೂರಿನಲ್ಲಿ ಎಷ್ಟೋ ಎಳೆ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದರು. ಕೂದಲು ಜಡೆಗಟ್ಟಿದರೂ ದೇವಿಯ ಕರೆ ಅಂದರು. 1982ರಲ್ಲಿ ದೇವದಾಸಿ ನಿಷೇಧ ಕಾಯ್ದೆ ಆದಮೇಲೂ ಕದ್ದುಮುಚ್ಚಿ ನಡೆಯಿತು. ಹಾಗಾಗಿ ದೇವರ ಕನಸು ಅಂದ ಕೂಡಲೇ ನಾನು ಮೊದಲು ನೋಡುವುದು, ಅದರ ಭಾರ ಯಾರ ತಲೆ ಮೇಲೆ ಅಂತ. ಇನ್ನೊಬ್ಬರ ಮಗಳನ್ನೋ ಹೊಲವನ್ನೋ ಬಂಗಾರವನ್ನೋ ಕೇಳುವ ಕನಸು ದೇವರದಲ್ಲ. ಯಾವ ಅಮ್ಮನ ಹೆಸರಲ್ಲಿ ಮುತ್ತು ಕಟ್ಟಿದರೋ, ಅದೇ ಅಮ್ಮ ನಿಮ್ಮ ಕೈಗೆ ಬಳಪ ಕೊಡುತ್ತಿದ್ದಾಳೆ. ಓದಿ ನನಗೆ ಮೈ ಜುಮ್ಮೆಂದಿತು.

ಇನ್ನು ನಗುವವರು. ಮಾನ್ವಿ ತಾಲ್ಲೂಕಿನ ಚೀಕಲಪರವಿಯ ವಿಜಯದಾಸರಿಗೆ ಕಾಶಿಯಲ್ಲಿ ಪುರಂದರದಾಸರು ಕನಸಲ್ಲಿ ಬಂದು ‘ವಿಜಯವಿಠಲ’ ಅನ್ನುವ ಅಂಕಿತ, ಅಂದರೆ ಹಾಡಿನ ಕೊನೆಗೆ ಬರುವ ಹೆಸರು, ಕೊಟ್ಟರು ಅಂತ ದಾಸ ಪರಂಪರೆ ಹೇಳುತ್ತದೆ. ಕನ್ನಡದಲ್ಲಿ ಹಾಡುವ ಅವರನ್ನು ಮಾನ್ವಿಯ ಪಂಡಿತ ಶ್ರೀನಿವಾಸಾಚಾರ್ಯರು ಹಗುರವಾಗಿ ಕಂಡರಂತೆ. ದಾಸರು ಹಾಡುವುದನ್ನು ಬಿಡಲಿಲ್ಲ. ಕಡೆಗೆ ಆ ಪಂಡಿತರೇ ವಿಜಯದಾಸರ ಶಿಷ್ಯ ಗೋಪಾಲದಾಸರ ಹತ್ತಿರ ಹೋಗಿ ಜಗನ್ನಾಥದಾಸರಾದರು.

ನೀವು ಮಾತ್ರ ಕನಸಿನ ಸುದ್ದಿಯನ್ನು ಇನ್ನು ಓಣಿಯಲ್ಲಿ ಹೇಳಬೇಡಿ. ‘ಅಮ್ಮ ಹೇಳಿದಳು’ ಅಂದರೆ ಜನ ನಗುತ್ತಾರೆ. ‘ಸಂಜೆ ಮಗಳನ್ನ ಕಳಸ್ರಿ, ಮಗ್ಗಿ, ಕಾಗುಣಿತ ಹೇಳಿಕೊಡ್ತೀನಿ’ ಅಂದರೆ ಕಳಿಸುತ್ತಾರೆ. ಗಂಡನ ಜೊತೆ ಕೂತು ಬಿಡಿಸಿ ಮಾತಾಡಿ. ಹೊಲಿಗೆಯ ದುಡ್ಡು ಕಡಿಮೆ ಆದೀತು ಅನ್ನುವ ಭಯ ಅವರ ನಗುವಿನ ಹಿಂದೆ ಇರಬಹುದು, ಅಲ್ವಾ?

ನಿಮ್ಮ ಪತ್ರದಲ್ಲಿ ಕಾಯಿಲೆಯ ಲಕ್ಷಣ ನನಗೆ ಕಾಣಲಿಲ್ಲ. ಆದರೂ ಮುಂದೆ ಹಗಲಲ್ಲೂ ದನಿ ಕೇಳಿಸಿದರೆ, ನಿದ್ದೆ, ಊಟ ಬಿಟ್ಟುಹೋದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕಟ್ಟೆಗೆ ಪೂಜಾರಿಯವರನ್ನು ಕೇಳಿ ನೋಡಿ. ಒಪ್ಪದಿದ್ದರೆ ನಿಮ್ಮ ಅಂಗಳವೇ ಸಾಕು. ನಾಲ್ಕೇ ಮಕ್ಕಳು ಬಂದರೂ ಶುರು ಮಾಡಿ. ನೆಗೆಣ್ಣಿಗೆ ಮಗಳಿದ್ದರೆ ಮೊದಲು ಅವಳನ್ನೇ ಕರೆಯಿರಿ.