ಜೈಲಿನಿಂದ ತಪ್ಪಿಸಿಕೊಂಡಿದ್ದ ಎಲ್ ಚಾಪೋ ಮತ್ತೆ ಸೆರೆ ಸಿಕ್ಕಿದ್ದು ಹೇಗೆ?

ಮೆಕ್ಸಿಕೋದ ಮಾದಕವಸ್ತು ಕಳ್ಳಸಾಗಣೆಯ ಜಾಲವಾದ ಸಿನಲೋವಾ ಕಾರ್ಟೆಲ್‌ನ ನಾಯಕ ಹೋಕಿನ್ ಗುಸ್ಮಾನ್, ಅಂದರೆ ಎಲ್ ಚಾಪೋ, 2015ರ ಜುಲೈ 11ರ ರಾತ್ರಿ ಆಲ್ಟಿಪ್ಲಾನೋ ಜೈಲಿನ ಕೋಣೆಯ ಸ್ನಾನದ ಜಾಗದಲ್ಲಿ ಕೊರೆದಿದ್ದ ರಂಧ್ರಕ್ಕಿಳಿದು, ಸುಮಾರು 1.5 ಕಿಲೋಮೀಟರ್ ಉದ್ದದ ಸುರಂಗದ ಮೂಲಕ ಪರಾರಿಯಾದನು. ಹಳಿಗಳ ಮೇಲೆ ಓಡುವಂತೆ ಮಾರ್ಪಡಿಸಿದ ಮೋಟಾರ್‌ಸೈಕಲ್ಲೊಂದು ಅದರೊಳಗಿತ್ತು. ಒಳಗಿನವರ ಕೈವಾಡವಿಲ್ಲದೆ ಇದೆಲ್ಲ ನಡೆಯಿತೆಂದು ನಂಬುವುದು ಕಷ್ಟ. 2016ರ ಜನವರಿ 8ರ ನಸುಕಿನಲ್ಲಿ ಲೋಸ್ ಮೋಚಿಸ್ ನಗರದ ಮನೆಯೊಂದರ ಮೇಲೆ ಮೆಕ್ಸಿಕೋದ ನೌಕಾಪಡೆಯ ಯೋಧರು ದಾಳಿ ನಡೆಸಿದಾಗ, ಅಂಗರಕ್ಷಕರು ಗುಂಡಿನ ಕಾಳಗದಲ್ಲಿ ತೊಡಗಿದ್ದ ಹೊತ್ತಿನಲ್ಲೇ ಅವನು ಕನ್ನಡಿಯ ಹಿಂದಿನ ಗುಪ್ತದ್ವಾರದಿಂದ ಚರಂಡಿಗಿಳಿದು, ಬೇರೆಡೆ ಮೇಲೆದ್ದು, ದಾರಿಯಲ್ಲಿ ಕಾರು ಕಸಿದುಕೊಂಡು ಓಡಿದನು. ಕಡೆಗೆ ಹೆದ್ದಾರಿಯಲ್ಲಿ ಫೆಡರಲ್ ಪೊಲೀಸರ ಕೈಗೆ ಸಿಕ್ಕಿಬಿದ್ದ ಅವನನ್ನು 2017ರ ಜನವರಿ 19ರಂದು ಅಮೆರಿಕಕ್ಕೆ ಹಸ್ತಾಂತರಿಸಲಾಯಿತು.