ಮನೆಯಲ್ಲಿ 30, ಆಫೀಸಿನಲ್ಲಿ 34: ಟೈರ್ ಗಾಳಿಯ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ದೀಪಾವಳಿಗೆ ಹೊಸ ಕಾರು ತಗೊಂಡೆವು. ಸ್ಕ್ರೀನಿನಲ್ಲಿ ನಾಲ್ಕೂ ಚಕ್ರದ ಗಾಳಿ ಎಷ್ಟಿದೆ ಅಂತ ಕಾಣಿಸುತ್ತದೆ. ಬೆಳಿಗ್ಗೆ ಮನೆ ಬಿಡುವಾಗ 30 ಪಿಎಸ್‌ಐ ಇರುತ್ತದೆ, ಔಟರ್ ರಿಂಗ್ ರೋಡಿನಲ್ಲಿ ಹೋಗಿ ಆಫೀಸ್ ಮುಟ್ಟುವಷ್ಟರಲ್ಲಿ 34. ಸಂಜೆ ಬಂಕಿನಲ್ಲಿ 33 ಹಾಕಿಸಿದರೂ ಮಾರನೇ ಬೆಳಿಗ್ಗೆ ಮತ್ತೆ 30. ಸೆನ್ಸರ್ ಕೆಟ್ಟಿದೆಯಾ, ಗಾಳಿ ಸೋರುತ್ತಿದೆಯಾ?
(ಬನಶಂಕರಿಯ ಓದುಗರು)

ಉತ್ತರ: ಎರಡೂ ಇರಲಾರದು. ಸೆನ್ಸರ್ ಇದ್ದದ್ದನ್ನೇ ಹೇಳುತ್ತಿದೆ, ನೀವು ಗಾಳಿ ಹಾಕಿಸಿದ ಹೊತ್ತು ಮಾತ್ರ ತಪ್ಪು. ಕಾರು ಓಡಿದಾಗ ಟೈರ್ ಮಡಚಿ ಬಿಚ್ಚಿ ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. 10 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಸಂಜೆ ಟ್ರಾಫಿಕ್‌ನಲ್ಲಿ ಬಂದು ಬಿಸಿ ಟೈರಿಗೆ 33 ಹಾಕಿಸಿದರೆ, ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ರಾತ್ರಿಯೆಲ್ಲಾ ನಿಂತ ಕಾರು ಬೆಳಿಗ್ಗೆ 30 ತೋರಿಸೋದು ಸಹಜ ಅಲ್ವಾ?

ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿರುವುದು ತಣ್ಣಗಿರುವ ಟೈರಿನ ಲೆಕ್ಕ, ಅಂದರೆ ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು, ಇಲ್ಲಾ ಒಂದೆರಡು ಕಿಲೋಮೀಟರ್‌ಗಿಂತ ಜಾಸ್ತಿ ಓಡಿರಬಾರದು. ಕಾರು ತುಂಬಾ ಜನ, ಡಿಕ್ಕಿ ತುಂಬಾ ಲಗೇಜ್ ಇದ್ದಾಗ ಎಷ್ಟಿರಬೇಕು ಅಂತಲೂ ಅಲ್ಲೇ ಬರೆದಿರುತ್ತದೆ. ಟೈರಿನ ಪಕ್ಕದ ಗೋಡೆಯ ಮೇಲೆ ಅಚ್ಚಾಗಿರುವ ಪಿಎಸ್‌ಐ ಅಂಕಿ ಆ ಟೈರ್ ತಡೆಯುವ ಗರಿಷ್ಠ ಒತ್ತಡ, ಅದನ್ನು ನೋಡಿ ಗಾಳಿ ಹಾಕಿಸಬೇಡಿ. ಬಂಕ್ ದೂರ ಇದ್ದರೆ ಹೀಗೆ ಮಾಡಿ: ಮನೆ ಬಿಡುವಾಗ ಎಷ್ಟು ಕಮ್ಮಿ ಇದೆ ನೋಡಿಕೊಳ್ಳಿ. ಸ್ಟಿಕ್ಕರ್ 33 ಅನ್ನುತ್ತದೆ, ಸ್ಕ್ರೀನು 30 ಅನ್ನುತ್ತದೆ ಅಂದರೆ 3 ಕಮ್ಮಿ. ಬಂಕಿಗೆ ಹೋಗುವಷ್ಟರಲ್ಲಿ ಅದು 32 ಆಗಿದ್ದರೆ 35 ಹಾಕಿಸಿ. ದಾರಿಯಲ್ಲಿ ಅಂಕಿ ಏರಿತು ಅಂತ ಗಾಬರಿಯಾಗಿ ಗಾಳಿ ಬಿಡಿಸೋದು ಮಾತ್ರ ಬೇಡವೇ ಬೇಡ.

ನಾನು ಎಲ್ಲರಿಗೂ ಹೇಳುವುದು ಒಂದೇ: ಒಂದು ಚಕ್ರದ ಅಂಕಿಯನ್ನು ಉಳಿದ ಮೂರರ ಜೊತೆ ಹೋಲಿಸಿ ನೋಡಿ. ನಾಲ್ಕೂ ಒಟ್ಟಿಗೆ ಏರಿ ಇಳಿದರೆ ಅದು ಬಿಸಿಲು ಚಳಿಯ ಆಟ. ನಾಲ್ಕರಲ್ಲೂ ತಿಂಗಳಿಗೆ ಒಂದೆರಡು ಪಿಎಸ್‌ಐ ತಾನಾಗೇ ಹೋಗೋದು ಕೂಡ ಮಾಮೂಲು. ಬಿಸಿಲಿಗೆ ನಿಂತಿದ್ದ ಪಕ್ಕದ ಎರಡು ಚಕ್ರ ಸ್ವಲ್ಪ ಜಾಸ್ತಿ ತೋರಿಸಿದರೂ ಚಿಂತೆ ಬೇಡ. ಒಂದೇ ಒಂದು ಚಕ್ರ ದಿನಾ ಹಿಂದೆ ಬೀಳುತ್ತಿದ್ದರೆ ಆಗ ಕೆಳಗಿಳಿದು ನೋಡಲೇಬೇಕು.

ಪ್ರಶ್ನೆ: ನಮ್ಮದು ಅದೇ ರೀತಿ ಹೊಸ ಕಾರು, ಆದರೆ ಅಂಕಿ ತೋರಿಸುವುದಿಲ್ಲ, ಬರೀ ಹಳದಿ ದೀಪ. ಗಾಳಿ ಹಾಕಿಸಿದರೂ ಆರುತ್ತಿಲ್ಲ.
(ಯಲಹಂಕದ ಓದುಗರು)

ಉತ್ತರ: ನಿಮ್ಮ ಕಾರಿನ ಚಕ್ರದೊಳಗೆ ಬಹುಶಃ ಒತ್ತಡ ಅಳೆಯುವ ಸೆನ್ಸರ್ ಇಲ್ಲ. ಎಬಿಎಸ್ ಬ್ರೇಕಿಗೆ ಅಂತ ಪ್ರತಿ ಚಕ್ರದ ವೇಗ ಅಳೆಯುವ ಸೆನ್ಸರ್ ಇರುತ್ತದಲ್ಲ, ಅದರಿಂದಲೇ ಲೆಕ್ಕ ಹಾಕುತ್ತದೆ. ಗಾಳಿ ಕಮ್ಮಿಯಾದ ಟೈರ್ ಕೊಂಚ ಕುಗ್ಗಿ, ಬೇರೆಯವಕ್ಕಿಂತ ಜೋರಾಗಿ ಸುತ್ತುತ್ತದೆ. ಇಂಥ ಕಾರಿನಲ್ಲಿ ಗಾಳಿ ಸರಿ ಮಾಡಿದ ಮೇಲೆ ರೀಸೆಟ್ ಮಾಡಲೇಬೇಕು. ಬಟನ್ ಇರಬಹುದು, ಮೆನುವಿನಲ್ಲೂ ಇರಬಹುದು, ಮ್ಯಾನ್ಯುಯಲ್ ನೋಡಿ. ಆಮೇಲೆ ಸ್ವಲ್ಪ ದೂರ ಓಡಿಸಿ, ಅದು ಕಲಿತುಕೊಳ್ಳುತ್ತದೆ. ಗಾಳಿ ಕಮ್ಮಿ ಇರುವಾಗಲೇ ರೀಸೆಟ್ ಒತ್ತಿದರೆ ಕಮ್ಮಿಯನ್ನೇ ಸರಿ ಅಂದುಕೊಳ್ಳುತ್ತದೆ, ಹುಷಾರು. ಸ್ಟಾರ್ಟ್ ಮಾಡಿದ ಕೂಡಲೇ ದೀಪ ಒಂದು ನಿಮಿಷದಷ್ಟು ಮಿನುಗಿ ಆಮೇಲೆ ಹಾಗೇ ಉಳಿದರೆ, ಬಹಳಷ್ಟು ಕಾರುಗಳಲ್ಲಿ ಅದರರ್ಥ ವ್ಯವಸ್ಥೆಯಲ್ಲೇ ದೋಷ ಇದೆ ಅಂತ.

ದೀಪವನ್ನೇ ನಂಬಿ ಕೂರಬೇಡಿ. ಅಮೆರಿಕದಲ್ಲಿ 2007ರ ಸೆಪ್ಟೆಂಬರ್‌ನಿಂದ ಎಲ್ಲ ಹೊಸ ಕಾರಿಗೂ ಇದು ಕಡ್ಡಾಯ. ಅಲ್ಲಿನ ನಿಯಮದಲ್ಲೂ ಗಾಳಿ ಹೇಳಿದ್ದಕ್ಕಿಂತ 25% ಕಮ್ಮಿಯಾದಾಗ ದೀಪ ಹತ್ತಿದರೆ ಸಾಕು. 33 ಇರಬೇಕಾದ ಟೈರು 25ಕ್ಕೆ ಇಳಿಯುವವರೆಗೂ ದೀಪ ಹತ್ತದೇ ಇರಬಹುದು ಅಂತಾಯಿತು. ತಿಂಗಳಿಗೊಮ್ಮೆ ಗೇಜ್ ಹಿಡಿದು ನೋಡಿ.

ಪ್ರಶ್ನೆ: ನೈಟ್ರೋಜನ್ ಹಾಕಿಸಬೇಕಾ?

ಉತ್ತರ: ಬೇಕಾಗಿಲ್ಲ. ಮಾಮೂಲಿ ಗಾಳಿಯಲ್ಲೇ 78% ನೈಟ್ರೋಜನ್ ಇದೆ. ದುಡ್ಡು ಕೊಟ್ಟು ಹಾಕಿಸಿದರೂ ತಿಂಗಳಿಗೊಮ್ಮೆ ಗಾಳಿ ನೋಡುವುದು ತಪ್ಪುವುದಿಲ್ಲ.

ಪ್ರಶ್ನೆ: ಹೊಸ ಕಾರು, ಎಡಗಡೆ ಮುಂದಿನ ಚಕ್ರ ವಾರಕ್ಕೆ ಮೂರು ಪಿಎಸ್‌ಐ ಇಳಿಯುತ್ತದೆ. ಸರ್ವಿಸ್ ಸೆಂಟರ್‌ನವರು ಏನೂ ಇಲ್ಲ ಅಂತ ಗಾಳಿ ತುಂಬಿ ಕಳಿಸಿದರು. ಸ್ಟೆಪ್ನಿ ಕೂಡ ಕೊಟ್ಟಿಲ್ಲ.
(ವೈಟ್‌ಫೀಲ್ಡ್‌ನ ಓದುಗರು)

ಉತ್ತರ: ಏನೋ ಇದೆ, ಬಿಡಬೇಡಿ. ಮಗ್ಗಿನಲ್ಲಿ ಸೋಪಿನ ನೀರು ಮಾಡಿಕೊಳ್ಳಿ. ಮೊದಲು ವಾಲ್ವ್ ಕ್ಯಾಪ್ ತೆಗೆದು ಬಾಯಿಯ ಮೇಲೆ ಎರಡು ಹನಿ ಬಿಡಿ. ಗುಳ್ಳೆ ಉಬ್ಬಿದರೆ ಒಳಗಿನ ಪಿನ್ ಸಡಿಲ, ಸಣ್ಣ ಖರ್ಚು. ಇಲ್ಲದಿದ್ದರೆ ಟೈರ್ ಮತ್ತು ರಿಮ್ ಕೂಡುವ ಅಂಚಿನ ಸುತ್ತ ಸುರಿಯಿರಿ. ಗುಂಡಿಗೆ ಜೋರಾಗಿ ಬಿದ್ದ ಅಲಾಯ್ ಕೊಂಚ ಬಗ್ಗಿದರೂ ಅಲ್ಲಿಂದ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಏಳುತ್ತವೆ. ಕೊನೆಗೆ ಟೈರಿನ ಮೇಲ್ಮೈ ಪೂರ್ತಿ ನೋಡಿ. ಕಟ್ಟಡದ ಕೆಲಸ ನಡೆಯುವ ರಸ್ತೆಗಳಲ್ಲಿ ಓಡಾಡಿದ ಟೈರಿಗೆ ಮೊಳೆ, ಸ್ಕ್ರೂ ಚುಚ್ಚಿಕೊಂಡು ತಿಂಗಳುಗಟ್ಟಲೆ ನಿಧಾನವಾಗಿ ಸೋರುವುದು ಇಲ್ಲಿ ತೀರಾ ಸಾಮಾನ್ಯ. ಪಕ್ಕದ ಗೋಡೆಯಲ್ಲಿ ಉಬ್ಬು ಕಂಡರೆ ಒಳಗಿನ ದಾರ ಹರಿದಿದೆ ಅಂತ ಅರ್ಥ, ಆ ಟೈರ್ ಬದಲಿಸಲೇಬೇಕು. ಟೈರ್ ವಾರಂಟಿ ಸಾಮಾನ್ಯವಾಗಿ ಟೈರ್ ಕಂಪನಿಯದ್ದೇ ಆಗಿರುತ್ತದೆ, ಹಾಗಾಗಿ ಅವರಿಗೂ ಒಂದು ದೂರು ಹಾಕಿ.

ಚಕ್ರದೊಳಗೆ ಸೆನ್ಸರ್ ಇದ್ದರೆ ಟೈರ್ ಬಿಚ್ಚುವ ಮೊದಲೇ ಪಂಕ್ಚರ್ ಅಂಗಡಿಯವರಿಗೆ ಹೇಳಿ. ಅದು ಸಾಮಾನ್ಯವಾಗಿ ವಾಲ್ವಿನ ಬುಡದಲ್ಲೇ ಕೂತಿರುತ್ತದೆ, ಟೈರ್ ಲಿವರ್ ತಗುಲಿದರೆ ಮುರಿಯಬಹುದು.

ಸ್ಟೆಪ್ನಿ ವಿಷಯ: 2020ರಲ್ಲಿ ಕೇಂದ್ರದ ನಿಯಮ ಬದಲಾಯಿತು. ಟ್ಯೂಬ್‌ಲೆಸ್ ಟೈರ್, ಗಾಳಿ ನೋಡುವ ವ್ಯವಸ್ಥೆ, ರಿಪೇರಿ ಕಿಟ್ ಮೂರೂ ಇದ್ದ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಕಿಟ್ ಡಿಕ್ಕಿಯಲ್ಲಿದೆಯಾ ಅಂತ ಇವತ್ತೇ ತೆಗೆದು ನೋಡಿ, ಅದರ ಪಂಪನ್ನು ಮನೆ ಹತ್ತಿರವೇ ಒಮ್ಮೆ ಓಡಿಸಿ ಕಲಿತುಕೊಳ್ಳಿ. ಪಕ್ಕದ ಗೋಡೆ ಸೀಳಿದರೆ ಆ ಕಿಟ್ ಕೆಲಸಕ್ಕೆ ಬರುವುದಿಲ್ಲ, ಹಾಗಾಗಿ ರೋಡ್‌ಸೈಡ್ ಅಸಿಸ್ಟೆನ್ಸ್ ನಂಬರನ್ನೂ ಫೋನಿನಲ್ಲಿ ಸೇವ್ ಮಾಡಿಡಿ.