ಕಾಲಲ್ಲಿ ತುಳಿಯುವ ಮರದ ಲೇತ್‌ಗೆ ಹಳೇ ಹೊಲಿಗೆ ಮೆಷಿನ್ ಸ್ಟ್ಯಾಂಡ್ ಸಾಕೇ?

ಮಂಡ್ಯದ ನಿಮ್ಮ ಹಳ್ಳಿಮನೆಯಲ್ಲಿ ಕರೆಂಟ್ ನೆಚ್ಚಿಕೊಳ್ಳದೆ ಲಟ್ಟಣಿಗೆ, ತೊಟ್ಟಿಲ ಕಾಲು ಕಡೆಯಬೇಕು, ಲೇತಿಗೆ (ಮರವನ್ನು ತಿರುಗಿಸುತ್ತಾ ಉಳಿಯಲ್ಲಿ ಕಡೆಯುವ ಯಂತ್ರ) ಹೊಲಿಗೆ ಮೆಷಿನ್ ಸ್ಟ್ಯಾಂಡ್ ಆಗುತ್ತದೆಯೇ ಎಂದು ಕೇಳಿದ್ದೀರಿ. ಬುಗುರಿ, ಚೆಸ್ ಕಾಯಿಗಳಿಗೆ ಆಗುತ್ತದೆ. ಲಟ್ಟಣಿಗೆಗೆ ಆಗುವುದಿಲ್ಲ. ಆ ಚಕ್ರ ತೀರಾ ಹಗುರ, ಉಳಿ ತಾಗಿದ ಕೂಡಲೇ ವೇಗ ಸತ್ತುಹೋಗುತ್ತದೆ. ನಿಮಗೆ ಬೇಕಾದ್ದು ಭಾರದ ಚಕ್ರ, ಆ ಭಾರವೂ ಅಂಚಿನಲ್ಲಿರಬೇಕು.

18 ಮಿ.ಮೀ. ಪ್ಲೈವುಡ್‌ನಲ್ಲಿ 60 ಸೆಂ.ಮೀ. ಅಗಲದ ಮೂರು ವೃತ್ತ ಕತ್ತರಿಸಿ ಅಂಟಿಸಿ. 50×10 ಮಿ.ಮೀ. ಕಬ್ಬಿಣದ ಪಟ್ಟಿಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಬಳೆಯಾಗಿ ಬಗ್ಗಿಸಿ ಸುತ್ತಲೂ ತೊಡಿಸಿ. ಒಟ್ಟು 16 ಕೆಜಿ ಹತ್ತಿರ ಬರುತ್ತದೆ. ಲೇತಿನ ಕಡೆ 75 ಮಿ.ಮೀ. ಪುಲ್ಲಿ (ಬೆಲ್ಟ್ ಓಡುವ ಚಿಕ್ಕ ಗಾಲಿ) ಇಟ್ಟರೆ ನಿಮಿಷಕ್ಕೆ 75 ತುಳಿತಕ್ಕೆ ಸುಮಾರು 600 ಸುತ್ತು. ಕೈಗಾತ್ರದ ಕೆಲಸಕ್ಕೆ ಇಷ್ಟು ಧಾರಾಳ. ಬೆಲ್ಟ್ ಹಿಟ್ಟಿನ ಗಿರಣಿಯ ಚಪ್ಪಟೆ ಬೆಲ್ಟೇ ಇರಲಿ. ಪುಲ್ಲಿಯ ನಡುಭಾಗ ಅಂಚಿಗಿಂತ ಒಂದೂವರೆ ಮಿ.ಮೀ. ಉಬ್ಬಿರಬೇಕು, ಇಲ್ಲದಿದ್ದರೆ ಬೆಲ್ಟ್ ಜಾರಿ ಬೀಳುತ್ತದೆ.

ಚಕ್ರವನ್ನು ಅಚ್ಚಿನ ತುದಿಗೆ ಕೂರಿಸಿದರೆ ಅಚ್ಚನ್ನು ಬಗ್ಗಿಸಿ ಕ್ರ್ಯಾಂಕ್ (ತುಳಿತವನ್ನು ಸುತ್ತಾಗಿಸುವ ಬಾಗು) ಮಾಡುವ ಗೋಜಿಲ್ಲ. ಚಕ್ರದ ಮುಖಕ್ಕೇ, ನಡುವಿನಿಂದ 5 ಸೆಂ.ಮೀ. ದೂರದಲ್ಲಿ, 16 ಮಿ.ಮೀ. ಬೋಲ್ಟ್ ಹಾಕಿ. ತುಳಿಹಲಗೆ 75 ಸೆಂ.ಮೀ. ಉದ್ದ, ಹಿಂದೆ ಕೀಲು. ಆ ಬೋಲ್ಟಿನಿಂದ ಇಳಿಯುವ ಕಡ್ಡಿಯನ್ನು ಕೀಲಿನಿಂದ 50 ಸೆಂ.ಮೀ.ಗೆ ಕಟ್ಟಿದರೆ ಪಾದ 15 ಸೆಂ.ಮೀ. ಏರಿಳಿಯುತ್ತದೆ. ಇದಕ್ಕಿಂತ ಹೆಚ್ಚಾದರೆ ಮೊಣಕಾಲು ಬೇಗ ದಣಿಯುತ್ತದೆ.

ಬಹಳ ಜನ ಬಿಟ್ಟುಬಿಡುವುದು ಎದುರುಭಾರ. ಅದಿಲ್ಲದಿದ್ದರೆ ನಿಲ್ಲಿಸಿದಾಗಲೆಲ್ಲ ಹಲಗೆಯ ತೂಕಕ್ಕೆ ಬೋಲ್ಟ್ ಕೆಳಗೆ ಬಂದು ನಿಲ್ಲುತ್ತದೆ, ಪ್ರತಿ ಸಲ ಚಕ್ರವನ್ನು ಕೈಯಲ್ಲಿ ತಿರುಗಿಸಬೇಕು. ಬೋಲ್ಟಿನ ಎದುರು ಅಂಚಿಗೆ ಅರ್ಧದಿಂದ ಒಂದು ಕೆಜಿ ಕಬ್ಬಿಣ ಬಿಗಿದು, ಬೋಲ್ಟ್ ತುತ್ತತುದಿ ದಾಟಿ ತುಸು ಮುಂದೆ ನಿಲ್ಲುವವರೆಗೆ ಸರಿಸುತ್ತಾ ಹೊಂದಿಸಿ. ಆಮೇಲೆ ಕಾಲಿಟ್ಟರೆ ಸಾಕು, ಸರಿಯಾದ ದಿಕ್ಕಿಗೇ ತಿರುಗುತ್ತದೆ. ಮರದ ಮೇಲ್ಭಾಗ ನಿಮ್ಮ ಕಡೆಗೆ ಬರಬೇಕು. ಹಿಮ್ಮುಖ ತಿರುಗಿದರೆ ಉಳಿ ಕೆತ್ತುವುದೇ ಇಲ್ಲ.

ಬೇರಿಂಗ್ ಕೊಳ್ಳುವಾಗ 6205 ನಂಬರಿನದು, ಸೀಲ್ (ಪಕ್ಕದ ಮುಚ್ಚಳ) ಇಲ್ಲದ್ದು ಎಂದೇ ಕೇಳಿ. ಸೀಲ್ ಮತ್ತು ಗಟ್ಟಿ ಗ್ರೀಸಿನ ಎಳೆತ ಮೋಟಾರಿಗೆ ಲೆಕ್ಕಕ್ಕಿಲ್ಲ, ಕಾಲಿಗೆ ಚೆನ್ನಾಗಿ ಗೊತ್ತಾಗುತ್ತದೆ. ಮರದ ದಿಮ್ಮಿಯಲ್ಲಿ 52 ಮಿ.ಮೀ. ತೂತು ಕೊರೆದು ಕೂರಿಸಿ ಹೊಲಿಗೆ ಮೆಷಿನ್ ಎಣ್ಣೆ ಬಿಡಿ. ಮರವನ್ನು ಹಿಡಿಯುವ ಬಲಗಡೆಯ ಮೊನೆ ತಿರುಗದ ಬೋಲ್ಟಾದ್ದರಿಂದ ಅಲ್ಲಿಗೆ ಮೇಣ ಹಚ್ಚಿ, ಇಲ್ಲದಿದ್ದರೆ ಮರ ಸುಟ್ಟು ಹೊಗೆಯಾಡುತ್ತದೆ.

ಚೌಕಟ್ಟಿಗೆ ಹಳೇ ಮನೆ ಕೆಡವಿದಾಗ ಸಿಗುವ 4×3 ಇಂಚಿನ ಬಾಗಿಲ ಮರ ಒಳ್ಳೆಯದು, ಅದು ಒಣಗಿ ನಿಂತಿರುತ್ತದೆ. ಹಸಿ ನೀಲಗಿರಿ ಬೇಡ, ತಿರುಚಿಕೊಳ್ಳುತ್ತದೆ. ಕೆಳಗೊಂದು ಅಟ್ಟ ಮಾಡಿ ಎರಡು ಮರಳಿನ ಚೀಲ ಹೇರಿ, ಇಲ್ಲವಾದರೆ ತುಳಿದಂತೆ ಲೇತೇ ನಡೆಯತೊಡಗುತ್ತದೆ.

ಕಡೆಯಲು ಮೊದಲು ಹಾಲೆ ಮರ ಹಿಡಿಯಿರಿ, ಚನ್ನಪಟ್ಟಣದ ಗೊಂಬೆಗೆ ಬಳಸುವುದು ಅದನ್ನೇ. ಮಚ್ಚಿನಲ್ಲಿ ಆದಷ್ಟು ದುಂಡಗೆ ಕೆತ್ತಿಕೊಂಡೇ ಲೇತಿಗೇರಿಸಿ. ಹೆರೆಯುವ ಉಳಿ ಕಾಲಿನ ಬಲವನ್ನೆಲ್ಲ ತಿನ್ನುತ್ತದೆ. ಹರಿತವಾದ ದುಂಡುಬಾಯಿ ಉಳಿಯಲ್ಲಿ ತೆಳ್ಳಗೆ ಸುಲಿಯುತ್ತಾ ಹೋಗಿ.